ತಾಮ್ರದ ತಂತಿ ಮತ್ತು ಬಾಗಿಲಿನ ಹಲಗೆ
(ಸಂಪಾದಕರ ಉತ್ತರ)

ಗದಗದ ಕಡೆಯ ಓದುಗರೊಬ್ಬರು ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಬರೆದಿದ್ದಾರೆ. ಆಫೀಸಿನ ಊಟದ ಮೇಜಿನಲ್ಲಿ ಆ ಸೀಮೆಯ ಶ್ವಾಬರ ಜಿಪುಣತನದ ಮೇಲೆ ದಿನಾ ಜೋಕು. ಇವರೂ ಒಂದು ದಿನ ತಾವು ಕೇಳಿದ್ದನ್ನೇ ಹೇಳಿದರು: ತಾಮ್ರದ ತಂತಿ ಹುಟ್ಟಿದ್ದು ಹೇಗೆ? ಬಿದ್ದಿದ್ದ ಒಂದು ಪೈಸೆಯನ್ನು ಇಬ್ಬರು ಶ್ವಾಬರು ಒಟ್ಟಿಗೇ ಹಿಡಿದು ಎಳೆದರು. ಮೇಜಿನಲ್ಲಿ ಯಾರೂ ನಗಲಿಲ್ಲ. ಅದೇ ವಾರ ಇವರ ಮನೆಬಾಗಿಲಿಗೆ ಯಾರೋ ‘ಕೇರ್‌ವೋಖೆ’ ಎಂಬ ಹಲಗೆ ತೂಗುಹಾಕಿದರು. ಪರದೇಶದವನೆಂದು ಕಸ ಗುಡಿಸಲು ಹೇಳುತ್ತಿದ್ದಾರೆ ಎಂದು ಇವರಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. “ಬೆಂಗಳೂರಿನಲ್ಲಿ ನನ್ನ ‘ಹೌದ್ರೀ’ಗೆ ನಗುತ್ತಿದ್ದರು, ಇಲ್ಲಿ ಹೀಗೆ. ಊರಿನ ಮೇಲೆ, ಮಾತಿನ ಮೇಲೆ ಜೋಕು ಮಾಡುವುದನ್ನೇ ನಿಲ್ಲಿಸಬೇಕಲ್ಲವೇ?” ಎಂದು ಕೇಳಿದ್ದಾರೆ.

ನಿಮ್ಮ ನೋವು ಸುಳ್ಳಲ್ಲ. ಕೆಲಸ ಕೊಡುವಾಗ, ಮನೆ ಬಾಡಿಗೆಗೆ ಕೊಡುವಾಗ ಜೋಕೇ ಅಳತೆಗೋಲಾದರೆ ಅದು ಜೋಕಲ್ಲ, ಅನ್ಯಾಯ. ಆದರೆ ನಿಲ್ಲಿಸಬೇಕು ಎಂಬ ಮಾತನ್ನು ನಾನು ಒಪ್ಪಲಾರೆ. ಊರಿನ ನಗೆ ಊರಿನ ಚರಿತ್ರೆಯೇ. ನೀವು ಅದನ್ನು ಹೊಸಿಲಿನಲ್ಲಿ ನಿಂತು ಕೇಳಿ ಹಿಂದಿರುಗಿದ್ದೀರಿ, ಒಳಗೆ ಹೋಗಿಲ್ಲ.

ಮೊದಲು ಆ ಹಲಗೆಯ ವಿಷಯ. ಕೇರ್‌ವೋಖೆ ಎಂದರೆ ಗುಡಿಸುವ ವಾರ. ಅದು ನಿಮ್ಮ ಪಕ್ಕದ ಮನೆಯ ಬಾಗಿಲಲ್ಲಿತ್ತು, ಅವರ ಸರದಿ ಮುಗಿಯಿತು, ನಿಮ್ಮದು ಬಂತು. ಸ್ಟುಟ್‌ಗಾರ್ಟ್‌ನ 1492ರ ಕಟ್ಟಳೆಯಲ್ಲೇ ವಾರವಾರ ಕಸ ಹೊರಸಾಗಿಸಬೇಕೆಂಬ ಮಾತಿದೆ. ನಗರಾಡಳಿತ 1988ರಲ್ಲಿ ಕಡ್ಡಾಯವನ್ನು ಕೈಬಿಟ್ಟರೂ ಬಾಡಿಗೆ ಕರಾರುಗಳಲ್ಲಿ, ಕಟ್ಟಡದ ನಿಯಮಗಳಲ್ಲಿ ಅದು ಉಳಿದುಕೊಂಡಿದೆ. ನಿಮ್ಮ ಕರಾರನ್ನು ಮತ್ತೊಮ್ಮೆ ಓದಿ. ‘ಚಿಕ್ಕ’ ಸರದಿ ಎಂದಿದ್ದರೆ ನಿಮ್ಮ ಅಂತಸ್ತಿನಿಂದ ಕೆಳಗಿನ ಅಂತಸ್ತಿನವರೆಗಿನ ಮೆಟ್ಟಿಲು, ಅದರ ಕೈಹಿಡಿ ಕಂಬಿ, ನಡುವಿನ ಕಿಟಕಿಯ ಕಟ್ಟೆ. ‘ದೊಡ್ಡ’ ಸರದಿಯಲ್ಲಿ ಹೊರಬಾಗಿಲು, ನೆಲಮಾಳಿಗೆಯ ಮೆಟ್ಟಿಲು, ಅಂಗಳ, ಕಸದ ಡಬ್ಬಿಗಳ ಜಾಗ, ಮನೆಮುಂದಿನ ಕಾಲುದಾರಿ ಎಲ್ಲವೂ ಸೇರುತ್ತವೆ. ಮೇಲಿನಿಂದ ಕೆಳಕ್ಕೆ ಗುಡಿಸಿ, ಆಮೇಲೆ ಹಿಂಡಿದ ಒದ್ದೆಬಟ್ಟೆಯಿಂದ ಒರೆಸಬೇಕು. ಹೊಸಬರು ಸಾಮಾನ್ಯವಾಗಿ ಎಡವುವುದು ಮೂರು ಕಡೆ. ಒಣಪೊರಕೆ ಆಡಿಸಿ ಮುಗಿಯಿತು ಎಂದುಕೊಳ್ಳುತ್ತಾರೆ. ರಜೆಯೆಂದು ಭಾನುವಾರ ಬಕೆಟ್ ಹಿಡಿದು ಬರುತ್ತಾರೆ. ಅಲ್ಲಿ ಭಾನುವಾರ ಸದ್ದಿಲ್ಲದ ದಿನ, ಶನಿವಾರವೇ ಮುಗಿಸಬೇಕು. ಹಲಗೆಯನ್ನು ಮುಂದಿನ ಮನೆಗೆ ದಾಟಿಸಲು ಮರೆಯುತ್ತಾರೆ, ಹಾಗಾದಾಗ ಸರದಿಯ ಸರಪಳಿಯೇ ಕಡಿಯುತ್ತದೆ. ಚಳಿಗಾಲದಲ್ಲಿ ದೊಡ್ಡ ಸರದಿ ನಿಮ್ಮದಾಗಿದ್ದರೆ, ಕೆಲಸದ ದಿನಗಳಲ್ಲಿ ಬೆಳಿಗ್ಗೆ ಸಾಮಾನ್ಯವಾಗಿ 7 ಗಂಟೆಯೊಳಗೆ ಹಿಮ ತೆಗೆದಿರಬೇಕು. ಯಾರಾದರೂ ಜಾರಿ ಬಿದ್ದರೆ ಹೊಣೆ ನಿಮ್ಮ ತಲೆಗೂ ಬರಬಹುದು. ನಿಮ್ಮ ಬಾಗಿಲಿಗೆ ಆ ಹಲಗೆ ಬಂತೆಂದರೆ ನಿಮ್ಮನ್ನು ಮನೆಯ ಲೆಕ್ಕಕ್ಕೆ ಸೇರಿಸಿಕೊಂಡರು ಎಂದರ್ಥ. ಅದನ್ನು ಅವಮಾನ ಎಂದುಕೊಂಡಿರಲ್ಲ!

ಈಗ ತಂತಿಯ ಜೋಕು. ಮೇಜಿನಲ್ಲಿ ಅದನ್ನು ಹೇಳುತ್ತಿದ್ದವರು ಯಾರು ಎಂದು ನೀವು ಬರೆದಿಲ್ಲ, ಎಲ್ಲವೂ ನಿಂತಿರುವುದು ಅದರ ಮೇಲೆಯೇ. ಶ್ವಾಬನೇ ಹೇಳಿದರೆ ಅದು ತನ್ನ ಅಜ್ಜನನ್ನು ನೆನೆದು ನಗುವ ನಗು. ಕಾರ್ಲ್ಸ್‌ರೂಹ ಕಡೆಯ ಬಾಡನ್‌ನವನು ಹೇಳಿದರೆ ಅದರ ಹಿಂದೆ ಹಳೆಯ ಜಗಳವಿದೆ. 1951ರ ಡಿಸೆಂಬರ್‌ನಲ್ಲಿ ಬಾಡನ್ ಮತ್ತು ಸ್ಟುಟ್‌ಗಾರ್ಟ್ ಸುತ್ತಲಿನ ಶ್ವಾಬರ ಸೀಮೆಯಾದ ವುರ್ಟೆಂಬರ್ಗ್ ಒಂದಾಗಬೇಕೇ ಎಂದು ಮತ ಹಾಕಿಸಿದಾಗ, ಹಳೆಯ ಬಾಡನ್ ಒಟ್ಟಾರೆಯಾಗಿ ಬೇಡವೆಂದಿತು. ಆದರೆ ಎಣಿಕೆ ನಾಲ್ಕು ವಿಭಾಗಗಳ ಲೆಕ್ಕದಲ್ಲಿ ನಡೆಯಿತು, ಮೂರು ಹೌದೆಂದವು. 1952ರಲ್ಲಿ ರಾಜ್ಯ ಒಂದಾಯಿತು, ರಾಜಧಾನಿ ಸ್ಟುಟ್‌ಗಾರ್ಟ್ ಪಾಲಾಯಿತು. 1970ರಲ್ಲಿ ಮತ್ತೆ ಕೇಳಿದಾಗ ಬಾಡನ್‌ನಲ್ಲಿ ಸುಮಾರು 82 ಪ್ರತಿಶತ ಮಂದಿ ಒಟ್ಟಿಗೇ ಇರೋಣ ಎಂದರು. ಜಗಳ ಹೋಯಿತು, ಜೋಕು ಉಳಿಯಿತು. ಅಣ್ಣತಮ್ಮಂದಿರ ನಡುವಿನ ಆ ಮಾತಿಗೆ ಮೂರು ವರ್ಷದ ಹಿಂದೆ ಬಂದ ಮೂರನೆಯವರು ನೀವು ಬಾಯಿ ಹಾಕಿದಿರಿ. ಅದೂ ಪಠ್ಯಪುಸ್ತಕದ ಜರ್ಮನ್‌ನಲ್ಲಿ. ಅದಕ್ಕೇ ಮೇಜು ಸುಮ್ಮನಾಯಿತು.

ಆ ಜಿಪುಣತನ ಎಲ್ಲಿಂದ ಬಂತು, ಅದನ್ನೂ ತಿಳಿದುಕೊಳ್ಳಿ. ವುರ್ಟೆಂಬರ್ಗ್‌ನ ಬಹುಭಾಗದಲ್ಲಿ ಹೊಲವನ್ನು ಮಕ್ಕಳೆಲ್ಲರಿಗೂ ಸಮನಾಗಿ ಹಂಚುತ್ತಿದ್ದರು. ತಲೆಮಾರು ಕಳೆದಂತೆ ಹೊಲ ಪಟ್ಟಿಪಟ್ಟಿಯಾಯಿತು, ಒಂದು ಪಟ್ಟಿಯಿಂದ ಒಂದು ಸಂಸಾರದ ಹೊಟ್ಟೆ ತುಂಬದಾಯಿತು. 1815ರಲ್ಲಿ ಇಂಡೋನೇಷ್ಯಾದ ತಾಂಬೋರಾ ಜ್ವಾಲಾಮುಖಿ ಸಿಡಿದು, 1816ರಲ್ಲಿ ಯುರೋಪಿನ ಬೇಸಿಗೆಯೇ ಕಾಣದಾಗಿ ಬೆಳೆ ಕೊಳೆಯಿತು. 1817ರಲ್ಲಿ ಸಾವಿರಾರು ಜನ ರಷ್ಯಾಕ್ಕೆ, ಅಮೆರಿಕಕ್ಕೆ ಗುಳೆ ಹೊರಟರು. ಮರುವರ್ಷ, 1818ರಲ್ಲಿ, ರಾಣಿ ಕ್ಯಾಥರೀನಾ ಬಡವರಿಗಾಗಿ ಉಳಿತಾಯ ಬ್ಯಾಂಕು ತೆರೆದರು. ಗುಳೆ ಎಂದರೇನೆಂದು ಗದಗದ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕೇ? ಒಂದು ಪೈಸೆಯನ್ನು ಬಿಡದೆ ಎಳೆದ ಆ ಇಬ್ಬರು ಹಸಿದವರ ಮೊಮ್ಮಕ್ಕಳು.

ನಿಮ್ಮ ಮೇಲಧಿಕಾರಿ ಆರು ತಿಂಗಳ ಕೆಲಸ ನೋಡಿ ಒಂದು ಒಳ್ಳೆಯ ಮಾತೂ ಆಡಲಿಲ್ಲ ಎಂದೂ ಬರೆದಿದ್ದೀರಿ. ಬೈಯದಿದ್ದರೆ ಅಷ್ಟೇ ಸಾಕಾದ ಹೊಗಳಿಕೆ ಎಂದು ಶ್ವಾಬರಲ್ಲಿ ಗಾದೆಯೇ ಇದೆ. ಅವರು ಬೈದಿಲ್ಲ ತಾನೇ? ಹಾಗಾದರೆ ಹೊಗಳಿದ್ದಾರೆ.

ಈ ಜನ ತಮ್ಮ ಮಾತನ್ನು ಎಷ್ಟು ಹೆಮ್ಮೆಯಿಂದ ಹೊತ್ತರು ನೋಡಿ. 1999ರಲ್ಲಿ ಆ ರಾಜ್ಯ ಸರ್ಕಾರವೇ ಜಾಹೀರಾತು ಕೊಟ್ಟಿತು: “ನಮಗೆ ಎಲ್ಲವೂ ಬರುತ್ತದೆ, ಶಿಷ್ಟ ಜರ್ಮನ್ ಒಂದು ಬಿಟ್ಟು.” ನಗುವವರ ಕೈಯಿಂದ ಕೋಲು ಕಿತ್ತು ತಾವೇ ಊರಿ ನಡೆದರು. 2021ರಲ್ಲಿ ಅದನ್ನು ತೆಗೆದು ಅರ್ಧ ಇಂಗ್ಲಿಷಿನ ಘೋಷಣೆ ತಂದಿದ್ದು ನನಗೆ ಇಂದಿಗೂ ಬೇಸರದ ಸಂಗತಿ. ಇದೇ ಶ್ವಾಬರು ಬರ್ಲಿನ್ನಿಗೆ ಹೋದರೆ ಅವರೇ ವಲಸಿಗರು. 2012ರ ಕೊನೆಯಲ್ಲಿ ಸಂಸತ್ತಿನ ಉಪಾಧ್ಯಕ್ಷ ವೋಲ್ಫ್‌ಗಾಂಗ್ ಟೀರ್ಸೆ, ಬರ್ಲಿನ್ನಿನ ಬೇಕರಿಯಲ್ಲಿ ಬನ್ನಿಗೆ ‘ಶ್ರಿಪ್ಪೆ’ ಎನ್ನದೆ ಶ್ವಾಬರ ‘ವೆಕ್ಕನ್’ ಎನ್ನುತ್ತಾರೆ ಎಂದು ದೂರಿದ್ದು ದೊಡ್ಡ ಗಲಾಟೆಯಾಯಿತು.

ನಮ್ಮಲ್ಲಿ? ಸ್ಟುಟ್‌ಗಾರ್ಟ್‌ನ ಬಾಷ್ ಕಂಪನಿಯ ಪಾಲಿದ್ದ ಆಡುಗೋಡಿಯ ಮೈಕೋ ಕಾರ್ಖಾನೆಯ ಕಾಲದಿಂದ ಬೆಂಗಳೂರಿಗೂ ಸ್ಟುಟ್‌ಗಾರ್ಟ್‌ಗೂ ನಂಟಿದೆ. ಆದರೂ ಅಲ್ಲಿಗೆ ಹೊರಟವರಿಗೆ ‘ಇಸ್ಟ್’ ಎಂಬುದು ಅಲ್ಲಿ ‘ಇಶ್’ ಆಗುತ್ತದೆ, ‘ಹೌಸ್’ ಎಂಬ ಮನೆ ‘ಹೊಯ್ಸ್ಲೆ’ ಎಂಬ ಮುದ್ದುಮನೆಯಾಗುತ್ತದೆ ಎಂದು ಯಾರೂ ಹೇಳಿಕೊಡುವುದಿಲ್ಲ. ಹೇಳಿಕೊಡುವುದು ಹೇಗೆ, ನಮ್ಮ ಆಡುಮಾತುಗಳನ್ನೇ ನಾವು ಗೌರವಿಸಲಿಲ್ಲವಲ್ಲ! ಧಾರಾವಾಹಿಯಲ್ಲಿ ನಾಯಕಿ, ಡಾಕ್ಟರು, ಜಿಲ್ಲಾಧಿಕಾರಿ ಮೈಸೂರು ಕಡೆಯ ಕನ್ನಡ ಆಡಬೇಕು. ಧಾರವಾಡದ ಮಾತು, ಕುಂದಾಪುರದ ಮಾತು ಬಂದರೆ ಅದು ಅಡುಗೆಯವನ ಬಾಯಲ್ಲಿ, ಹಿಂದೆ ನಗುವಿನ ಸದ್ದಿನ ಜೊತೆ. ಬೇಂದ್ರೆಯವರು ಧಾರವಾಡದ ಆಡುಮಾತಿನಲ್ಲಿ ಕನ್ನಡದ ಅತಿ ಎತ್ತರದ ಕವಿತೆ ಕಟ್ಟಿಕೊಟ್ಟ ನಾಡಿದು. ಬೆಂಗಳೂರಿನಲ್ಲಿ ನಿಮ್ಮ ‘ಹೌದ್ರೀ’ಗೆ ನಕ್ಕಿದ್ದು ತಪ್ಪಲ್ಲ, ಎದುರಿಗೆ ನೀವು ಬೆಂಗಳೂರಿನವರ ‘ಬಂದ್ಬುಟ್ಟು ಹೋಗ್ಬುಟ್ಟು’ಗೆ ನಗಲು ಜಾಗ ಇರಲಿಲ್ಲವಲ್ಲ, ಅದು ತಪ್ಪು.

ಇನ್ನೊಂದು ಮಾತು. ನಿಮ್ಮ ಪತ್ರ ಅಚ್ಚುಕಟ್ಟಾದ ಗ್ರಾಂಥಿಕ ಕನ್ನಡದಲ್ಲಿದೆ. ಪತ್ರಿಕೆಗೆ ಹಾಗೇ ಬರೆಯಬೇಕೆಂದು ನಿಮಗೆ ಕಲಿಸಿದವರಲ್ಲಿ ನಮ್ಮಂಥ ಸಂಪಾದಕರೂ ಇದ್ದೇವೆ. ಮುಂದಿನ ಶನಿವಾರ ಮೆಟ್ಟಿಲು ಒರೆಸಿ, ಹಲಗೆಯನ್ನು ಪಕ್ಕದ ಮನೆಯವರ ಕೈಗೇ ಕೊಡಿ, ಬಾಗಿಲಲ್ಲಿ ಎರಡು ಮಾತಾಡಿ. ಅವರು ಏನಂದರು ಎಂಬುದನ್ನು ಗದಗಿನ ಮಾತಿನಲ್ಲೇ ಬರೆದು ಕಳಿಸಿ. ಒಂದಕ್ಷರ ತಿದ್ದದೆ ಅಚ್ಚು ಹಾಕುತ್ತೇವೆ.