ಮಕ್ಕಳ ಜೊತೆ ಸಿಂಗಾಪುರಕ್ಕೆ ಹೋದಾಗ ಹೊರಗಿನ ಊಟ ಹೇಗೆ ನಿಭಾಯಿಸುವುದು?

ಮೊದಲು ಗಡಿಯಾರ ನೋಡಿ. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಮಧ್ಯಾಹ್ನ 12 ಆದಾಗ ಶಿವಮೊಗ್ಗದಲ್ಲಿ ಇನ್ನೂ ಒಂಬತ್ತೂವರೆ, ತಿಂಡಿ ಹೊತ್ತು ಅಲ್ವಾ, ಹಾಗಾಗಿ ಮಗು ತಟ್ಟೆ ದೂಡಿದರೆ ಹಟ ಅಂತ ಸುಮ್ನೆ ಗದರಬೇಡಿ, ಅದಕ್ಕೆ ನಿಜವಾಗಿಯೂ ಹಸಿವಿರುವುದಿಲ್ಲ. ನಾವು ಎರಡನೇ ದಿನದಿಂದ ಊಟವನ್ನು ಎರಡು ಗಂಟೆಗೆ ಇಟ್ಟುಕೊಂಡೆವು, ಸರಿಹೋಯಿತು.

ಚಿಕ್ಕ ಮಕ್ಕಳಿದ್ದರೆ ಹಾಕರ್ ಸೆಂಟರ್‌ಗಳೇ, ಅಂದರೆ ಒಂದೇ ಸೂರಿನಡಿ ಸಾಲು ಸಾಲು ಊಟದ ಅಂಗಡಿಗಳಿರುವ ಜಾಗಗಳೇ ವಾಸಿ. ಗದ್ದಲ ಜಾಸ್ತಿ, ಮಗು ಅತ್ತರೂ ಯಾರೂ ತಿರುಗಿ ನೋಡುವುದಿಲ್ಲ. ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರಿನಲ್ಲಿ ದೋಸೆಯೂ ಸಿಗುತ್ತದೆ. ತಿಂದ ಮೇಲೆ ಟ್ರೇ ನೀವೇ ವಾಪಸ್ ಇಡಬೇಕು, 2021ರಿಂದ ಅದು ಕಡ್ಡಾಯ. ನಮ್ಮ ಆರು ವರ್ಷದ ಮಗಳಿಗಂತೂ ಎರಡೂ ಕೈಯಲ್ಲಿ ಟ್ರೇ ಹಿಡಿದು, ಲೋಟ ಅಲುಗದ ಹಾಗೆ ಒಂದೊಂದೇ ಹೆಜ್ಜೆ ಇಡುವುದೇ ದೊಡ್ಡ ಸಂಭ್ರಮವಾಗಿತ್ತು.

ಸಸ್ಯಾಹಾರಿಗಳಾದರೆ ಬರೀ ಸೊಪ್ಪು ಅಂತ ನಂಬಬೇಡಿ. ಕಾಂಗ್‌ಕಾಂಗ್ ಸೊಪ್ಪಿನ ಪಲ್ಯಕ್ಕೆ ಎಷ್ಟೋ ಕಡೆ ಸೀಗಡಿ ಪೇಸ್ಟ್ ಹಾಕುತ್ತಾರೆ, ಕೇಳಿಯೇ ತೆಗೆದುಕೊಳ್ಳಿ. ದೊಡ್ಡ ರೆಸ್ಟೋರೆಂಟಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತಿದ್ದರೆ ಶೇ. 10 ಸರ್ವಿಸ್ ಚಾರ್ಜ್, ಅದರ ಮೇಲೆ ಶೇ. 9 ಜಿಎಸ್‌ಟಿ ಬೀಳುತ್ತದೆ. ಬ್ಯಾಗಿನಲ್ಲಿ ಒಂದು ಪುಟ್ಟ ಡಬ್ಬಿ ಚಟ್ನಿಪುಡಿ ಇರಲಿ. ಏನೂ ಸೇರದ ದಿನ ಬಿಳಿ ಅನ್ನಕ್ಕೆ ಅದನ್ನೇ ಕಲಸಿ ಕೊಟ್ಟೆವು, ಮಕ್ಕಳಿಬ್ಬರೂ ಪೂರ್ತಿ ತಿಂದರು.