ಬಾಳೆಯ ಸಾಲುಗಳ ನಡುವೆ ಏನು ಬಿತ್ತಬೇಕು?

ಹಾಸನದ ಬಾಳೆ ತೋಟದಲ್ಲಿ ನಾಟಿಯಾದ ಮೊದಲ 3–4 ತಿಂಗಳು, ಎಲೆಗಳು ನೆರಳು ಕವಿಯುವ ಮುನ್ನ, ಅಪ್ಸೆಣಬು (ಹಸಿರೆಲೆ ಗೊಬ್ಬರದ ಗಿಡ) ಅಥವಾ ಪೊದೆ ಜಾತಿಯ ಅಲಸಂದೆಯನ್ನು ಸಾಲುಗಳ ನಡುವೆ ಬಿತ್ತುವುದು ಸೂಕ್ತ. ಬಾಳೆಯ ಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನಲ್ಲೇ ಹರಡುವುದರಿಂದ, ನೀರು ಮತ್ತು ಗೊಬ್ಬರಕ್ಕೆ ಅದರೊಡನೆ ಪೈಪೋಟಿ ಮಾಡದ ಬೆಳೆ ಬೇಕು. ದ್ವಿದಳ ಸಸ್ಯಗಳಾದ ಇವೆರಡೂ ಬೇರುಗಂಟಿನ ಸೂಕ್ಷ್ಮಾಣುಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಅಪ್ಸೆಣಬನ್ನು ಹೂ ಬಿಡುವ ಹೊತ್ತಿಗೆ, ಅಂದರೆ ಸುಮಾರು 45 ದಿನಕ್ಕೆ, ಕೊಯ್ದು ಬಾಳೆಯ ಬುಡದಿಂದ ತುಸು ದೂರದಲ್ಲಿ ಹೊದಿಕೆಯಾಗಿ ಹಾಸಬೇಕು. ಬಲಿತರೆ ಕಾಂಡ ನಾರಾಗಿ ಬೇಗ ಕೊಳೆಯದು. ಸೌತೆ, ಕುಂಬಳ ಬೇಡವೇ ಬೇಡ, ಏಕೆಂದರೆ ಬಾಳೆಗೂ ತಗಲುವ ಸೌತೆಯ ಮೊಸಾಯಿಕ್ ನಂಜುರೋಗಕ್ಕೆ ಅವು ಆಸರೆ, ಅದನ್ನು ಸಸ್ಯಹೇನುಗಳು ಹರಡುತ್ತವೆ. ನಮ್ಮ ಕಡೆಯವರಿಗೆ ಪ್ರಿಯವಾದ ಶುಂಠಿ ನೆರಳನ್ನು ಸಹಿಸುತ್ತದೆ, ಆದರೆ ಅದನ್ನು ಅಗೆಯುವಾಗ ಬಾಳೆಯ ಬೇರು ಕಡಿಯುತ್ತದೆ.