ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು, ವಿಮಾನ ಬಿತ್ತು

ಪ್ರಶ್ನೆ: ಸರ್, ಅಮೆರಿಕದ ಗಾಯಕ ಜಾನ್ ಡೆನ್ವರ್ ತಮ್ಮ ಪುಟ್ಟ ವಿಮಾನದಲ್ಲಿ ಪೆಟ್ರೋಲ್ ಖಾಲಿಯಾಗಿ ಬಿದ್ದು ಸತ್ತರು ಎಂದು ಓದಿದ್ದೆ. ಅಷ್ಟು ಅನುಭವ ಇದ್ದವರು ಟ್ಯಾಂಕ್ ನೋಡದೆ ಹೊರಟರಾ? (ಓದುಗರು, ಸಾಗರ)

ಉತ್ತರ: ಎಷ್ಟು ಪೆಟ್ರೋಲ್ ಇದೆ ಅಂತ ಅವರಿಗೆ ಗೊತ್ತಿತ್ತು. ಬೇಜಾರಿನ ಸಂಗತಿಯೇ ಅದು. ಸಣ್ಣ ವಿಮಾನಗಳ ರಿಪೇರಿಯಲ್ಲೇ ಕೈ ಕಪ್ಪು ಮಾಡಿಕೊಂಡ ನನ್ನಂಥವನಿಗೆ ಈ ಅಪಘಾತದ ತನಿಖಾ ವರದಿ ಓದಿದರೆ ಹೊಟ್ಟೆ ಉರಿಯುತ್ತದೆ.

ಅದು 1997ರ ಅಕ್ಟೋಬರ್ 12, ಭಾನುವಾರ. ಊರು ಕ್ಯಾಲಿಫೋರ್ನಿಯಾದ ಮಾಂಟೆರೆ. ವಿಮಾನ ಲಾಂಗ್-ಈಝಡ್. ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ನಕ್ಷೆ ತರಿಸಿಕೊಂಡು ಹವ್ಯಾಸಿಗಳು ಮನೆಯಲ್ಲೇ ಕಟ್ಟುತ್ತಿದ್ದ ಎರಡು ಸೀಟಿನ ವಿಮಾನ. ಎಂಜಿನ್ ಹಿಂದೆ, ಪುಟಾಣಿ ರೆಕ್ಕೆ ಮುಂದೆ. ಡೆನ್ವರ್ ಅದನ್ನು ಆಗಷ್ಟೇ ಕೊಂಡಿದ್ದರು.

ಎಡಕ್ಕೊಂದು, ಬಲಕ್ಕೊಂದು ಟ್ಯಾಂಕ್. ಎಂಜಿನ್ನು ಯಾವುದರಿಂದ ಕುಡಿಯಬೇಕು ಅನ್ನೋದನ್ನು ಒಂದು ಹಿಡಿ ತಿರುಗಿಸಿ ಪೈಲಟ್ಟೇ ಹೇಳಬೇಕು. ನಕ್ಷೆಯ ಪ್ರಕಾರ ಆ ಹಿಡಿ ಕಣ್ಣೆದುರು, ಕಾಲುಗಳ ನಡುವೆ ಇರಬೇಕಿತ್ತು. ಪೆಟ್ರೋಲ್ ಪೈಪು ಒಳಗೆ ಬರೋದು ಬೇಡ ಎಂದು, ಕಟ್ಟಿದವರು ಅದನ್ನು ಪೈಲಟ್ಟಿನ ಎಡಭುಜದ ಹಿಂದೆ ಕೂರಿಸಿದ್ದರು. ಯಾವ ಕಡೆ ತಿರುಗಿಸಿದರೆ ಯಾವ ಟ್ಯಾಂಕ್ ಎಂಬ ಗುರುತೂ ಇಲ್ಲ. ಮೇಲಾಗಿ ಅದು ಬಿಗಿ. ಕೈಗೆ ಎಟುಕಲಿ ಅಂತ ಅಲ್ಲಿದ್ದ ಮೆಕ್ಯಾನಿಕ್ ಜೊತೆ ಸೇರಿ ಹಿಡಿಗೆ ವೈಸ್ ಗ್ರಿಪ್ (ಕಚ್ಚಿ ಹಿಡಿಯುವ ಇಕ್ಕಳ) ಸಿಕ್ಕಿಸಿ ನೋಡಿದರು, ಆದರೂ ಎಟುಕಲಿಲ್ಲ! ಪೆಟ್ರೋಲ್ ಮಟ್ಟ ತೋರಿಸುವ ಗೇಜುಗಳೂ ಬೆನ್ನ ಹಿಂದೆ, ಅವಕ್ಕೂ ಗುರುತಿಲ್ಲ. ನೋಡಲು ಒಂದು ಕನ್ನಡಿ ಕೊಟ್ಟರಂತೆ.

ಆ ಮೆಕ್ಯಾನಿಕ್ ಅಂದಾಜಿನಲ್ಲಿ ಬಲ ಟ್ಯಾಂಕಿನಲ್ಲಿ ಅರ್ಧಕ್ಕಿಂತ ಕಮ್ಮಿ, ಎಡದಲ್ಲಿ ಕಾಲು ಭಾಗಕ್ಕಿಂತ ಕಮ್ಮಿ. ತುಂಬಿಸೋಣವೇ ಎಂದರೆ, ಸುಮಾರು ಒಂದು ಗಂಟೆ ಹಾರಾಟ ಅಷ್ಟೇ, ಬೇಡ ಅಂದರು ಡೆನ್ವರ್. ಹಿಡಿ ತಿರುಗಿಸಬೇಕಾಗಿ ಬಂದರೆ ಆಟೋಪೈಲಟ್ ಹಾಕಿಕೊಂಡು ತಿರುಗಿಸುತ್ತೇನೆ ಎಂದೂ ಹೇಳಿದ್ದರು. ಮೇಲೆ ಎತ್ತರದಲ್ಲಿ ನೆಮ್ಮದಿಯಾಗಿ ಹಾರುವಾಗ ಅದು ನಡೆದೀತು. ಕೆಳಗೆ ಎಂಜಿನ್ ಕೆಮ್ಮಿದರೆ?

ಸಂಜೆ ಐದರ ಮೇಲೆ ಹೊರಟರು. ಮೂರು ಸಲ ರನ್‌ವೇ ಮುಟ್ಟಿ ಮತ್ತೆ ಏರಿದರು. ಆಮೇಲೆ ಪೆಸಿಫಿಕ್ ಗ್ರೋವ್ ತೀರದ ಹತ್ತಿರ, ಬರೀ 350ರಿಂದ 500 ಅಡಿ ಎತ್ತರದಲ್ಲಿದ್ದಾಗ, ಎಂಜಿನ್ ಸದ್ದು ಕುಗ್ಗಿದ್ದನ್ನು ಜನ ಕೇಳಿದರು. ವಿಮಾನ ಮಗ್ಗುಲಾಗಿ ಮೂಗು ಕೆಳಗೆ ಮಾಡಿ ಸಮುದ್ರಕ್ಕೆ ಬಿತ್ತು.

ಒಂದು ಟ್ಯಾಂಕ್ ಬರಿದಾಗಿ ಇನ್ನೊಂದಕ್ಕೆ ತಿರುಗಿಸಲು ಹೋಗಿದ್ದರೆ ಒಳಗೆ ಏನಾಗಿರಬಹುದು ಎಂದು ತನಿಖೆಯವರು ಅದೇ ಬಗೆಯ ವಿಮಾನದಲ್ಲಿ ಕೂತು ನೋಡಿದರು. ಕಂಟ್ರೋಲ್ ಸ್ಟಿಕ್ ಇರೋದು ಬಲಗೈಲಿ. ಟ್ಯಾಂಕಿನ ಹಿಡಿ ಮುಟ್ಟಲು ಸ್ಟಿಕ್ಕಿನಿಂದ ಆ ಕೈ ತೆಗೆಯಬೇಕು, ಬೆಲ್ಟ್ ಸಡಿಲಿಸಬೇಕು, ಮೈಯನ್ನು ಎಡಕ್ಕೆ ಪೂರ್ತಿ ತಿರುಗಿಸಬೇಕು. ಹಾಗೆ ತಿರುಗುವಾಗ ಆಸರೆಗೆ ಬಲಗಾಲು ತಾನಾಗೇ ಚಾಚಿಕೊಳ್ಳುತ್ತದೆ. ಅಲ್ಲೇ ಬಲ ರಡ್ಡರ್ ಪೆಡಲ್, ಅಂದರೆ ವಿಮಾನದ ಮೂಗನ್ನು ಬಲಕ್ಕೆ ತಿರುಗಿಸುವ ಪೆಡಲ್! ಅದನ್ನು ತುಳಿದದ್ದೇ ವಿಮಾನ ಹಿಡಿತ ತಪ್ಪಲು ಕಾರಣ ಎಂಬುದು ಅವರ ತೀರ್ಮಾನ. ಇಂಧನ ತುಂಬಿಸದೇ ಇದ್ದದ್ದು, ಹಿಡಿ ಇಟ್ಟ ಜಾಗ, ಈ ವಿಮಾನದಲ್ಲಿ ಸಾಕಷ್ಟು ತರಬೇತಿ ಇಲ್ಲದಿದ್ದದ್ದು, ಎಲ್ಲವನ್ನೂ ವರದಿಯಲ್ಲಿ ಬರೆದರು. ಪಾಲು ಹಂಚಿ ಅಂದರೆ, ನಾನು ಆ ಹಿಡಿಗೇ ಜಾಸ್ತಿ ಕೊಡ್ತೀನಿ.

ಪ್ರಶ್ನೆ: ಎರಡೂ ಟ್ಯಾಂಕಿನಿಂದ ಒಟ್ಟಿಗೇ ಪೆಟ್ರೋಲ್ ಬರುವ ಹಾಗೆ ಮಾಡಿದರೆ ಮುಗೀತಲ್ವಾ? (ಅದೇ ಓದುಗರು)

ಉತ್ತರ: ಸೆಸ್ನಾ 172 ಎಂಬ ಸಣ್ಣ ವಿಮಾನದಲ್ಲಿ ಹಾಗೇ ಇದೆ. ಟ್ಯಾಂಕ್ ಇರುವ ರೆಕ್ಕೆ ಅದರಲ್ಲಿ ತಲೆಯ ಮೇಲಿದೆ, ಪೆಟ್ರೋಲ್ ತನ್ನ ಭಾರಕ್ಕೇ ಇಳಿಯುತ್ತದೆ. ರೆಕ್ಕೆ ಕೆಳಗಿರುವ ವಿಮಾನದಲ್ಲಿ ಪಂಪು ಎಳೆಯಬೇಕು. ಎರಡನ್ನೂ ತೆರೆದಿಟ್ಟು ಒಂದು ಖಾಲಿಯಾದರೆ ಪಂಪು ಅದರಿಂದ ಗಾಳಿಯನ್ನೇ ಎಳೆಯುತ್ತದೆ, ಇನ್ನೊಂದು ತುಂಬಿದ್ದರೂ ಉಪಯೋಗ ಇಲ್ಲ. ಅದಕ್ಕೇ ಅಂಥವುಗಳಲ್ಲಿ ಪೈಲಟ್ಟು ಗಡಿಯಾರ ನೋಡಿಕೊಂಡು ಟ್ಯಾಂಕ್ ಬದಲಿಸುತ್ತಾನೆ. ಹಳೇ ಬಜಾಜ್ ಸ್ಕೂಟರಿನಲ್ಲಿ ಎಂಜಿನ್ ಗೊರಗೊರ ಅಂದಮೇಲೆ ಬಗ್ಗಿ ರಿಸರ್ವ್‌ಗೆ ತಿರುಗಿಸುತ್ತಿದ್ದೆವಲ್ಲ, ಆ ಅಭ್ಯಾಸ ಇಲ್ಲಿ ನಡೆಯಲ್ಲ. ಇಳಿಯುವ ಮೊದಲು, ಇನ್ನೂ ಎತ್ತರದಲ್ಲಿರುವಾಗಲೇ, ಜಾಸ್ತಿ ತುಂಬಿದ ಟ್ಯಾಂಕಿಗೆ ತಿರುಗಿಸಿಕೊಂಡಿರಬೇಕು.